ಅಪವಾದಗಳ ಮೇಲೆ ಹೊರಿಸಿದ ಅಪವಾದ

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಇಂಗ್ಲಿಷ್ ಉಕ್ತಲೇಖನದ ಗಂಟೆಯೆಂದರೆ ತರಗತಿಗೆಲ್ಲ ನಡುಕ. ಒಂದು ದಿನ ‘ಸಾಲ’ ಎಂಬ ಅರ್ಥದ ‘ಡೆಟ್’ ಎಂಬ ಶಬ್ದವನ್ನು ನಾನು ಕಿವಿಗೆ ಬಿದ್ದಂತೆಯೇ ಡಿ, ಇ, ಟಿ ಎಂಬ ಮೂರು ಅಕ್ಷರಗಳಲ್ಲಿ ಬರೆದೆ. ಉಪಾಧ್ಯಾಯರು ಪುಸ್ತಕವನ್ನು ಎತ್ತಿ ಹಿಡಿದು, “ನಡುವೆ ಇರಬೇಕಾದ ‘ಬಿ’ ಎಲ್ಲಯ್ಯಾ?” ಎಂದು ಕೇಳಿದರು. “ಅದು ಕೇಳಿಸಲೇ ಇಲ್ಲ ಸಾರ್” ಎಂದೆ. ತರಗತಿಯೆಲ್ಲ ನಕ್ಕಿತು. “ಅದು ಇರುವುದೇ ಹಾಗೆ. ಕಾರಣ ಕೇಳಬೇಡ, ಐವತ್ತು ಸಲ ಬರೆ” ಎಂದು ಅವರು ಆಜ್ಞಾಪಿಸಿದರು. ನಾನು ಬರೆದೆ. ಆ ‘ಬಿ’ ಅಂದಿನಿಂದ ಇಂದಿನವರೆಗೆ ನನ್ನ ಕೈತಪ್ಪಿಲ್ಲ. ಆದರೆ ಹದಿನಾಲ್ಕನೆಯ ಶತಮಾನದ ಇಂಗ್ಲಿಷರೂ ಆ ಶಬ್ದವನ್ನು ‘ಬಿ’ ಇಲ್ಲದೆಯೇ ಬರೆಯುತ್ತಿದ್ದರೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಅನಂತರ. ಅವರು ಅದನ್ನು ಫ್ರೆಂಚರಿಂದ ಪಡೆದಾಗ ಅದರಲ್ಲಿ ‘ಬಿ’ ಇರಲಿಲ್ಲ. ಮುಂದೆ ಲ್ಯಾಟಿನ್ ಪಾಂಡಿತ್ಯದ ಅಭಿಮಾನ ಇಂಗ್ಲೆಂಡಿನಲ್ಲಿ ಹಬ್ಬಿದಾಗ, ಶಬ್ದದ ಮೂಲ ‘ಡೆಬಿಟುಮ್’ ಎಂಬ ಲ್ಯಾಟಿನ್ ರೂಪವೆಂಬುದನ್ನು ತೋರಿಸುವುದಕ್ಕಾಗಿ ವಿದ್ವಾಂಸರು ಈ ಅಕ್ಷರವನ್ನು ತಂದು ನಡುವೆ ಕೂರಿಸಿದರು. ಅದನ್ನು ಉಚ್ಚರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ‘ಸಂದೇಹ’ ಎಂಬ ಅರ್ಥದ ‘ಡೌಟ್’ ಶಬ್ದದಲ್ಲಿರುವ ‘ಬಿ’ಯ ಕಥೆಯೂ ಇದೇ.

ಈ ನಾಲ್ಕು ವಾಕ್ಯಗಳ ವಿವರಣೆಯನ್ನು ಅಂದೇ ಯಾರಾದರೂ ಹೇಳಿದ್ದರೆ ಐವತ್ತು ಸಲ ಬರೆಯುವ ಶ್ರಮ ತಪ್ಪುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ನನ್ನ ಬುದ್ಧಿಯ ಬಗೆಗೆ ನನಗೇ ಉಂಟಾದ ಸಂಶಯವೂ ತಪ್ಪುತ್ತಿತ್ತು.

ಇಂಗ್ಲಿಷ್ ಭಾಷೆಯ ಕಾಗುಣಿತ ಮತ್ತು ವ್ಯಾಕರಣಗಳಲ್ಲಿರುವ ಅಪವಾದಗಳ ಬಗೆಗೆ ನಮ್ಮಲ್ಲಿ ಎರಡು ಮನೋಭಾವಗಳು ಬೇರೂರಿವೆ. ಅವು ಪ್ರಶ್ನಿಸಲಾಗದ ವಿಧಿಗಳು, ಬಾಯಿಪಾಠ ಮಾಡುವುದೊಂದೇ ದಾರಿ, ಎಂಬುದು ಒಂದು. ಅದು ಹುಚ್ಚು ಭಾಷೆ, ಅದಕ್ಕೆ ನಿಯಮವೇ ಇಲ್ಲ, ಎಂದು ನಕ್ಕುಬಿಡುವುದು ಇನ್ನೊಂದು. ವಿಜ್ಞಾನವನ್ನು ಓದುವ ತರುಣನಿಗೆ ಎರಡೂ ತಕ್ಕುವಲ್ಲವೆಂದು ನನ್ನ ಅಭಿಪ್ರಾಯ. ‘ಅಪವಾದ’ ಎಂಬ ಮಾತಿಗೆ ಆಡುಮಾತಿನಲ್ಲಿ ‘ಇಲ್ಲದ ದೋಷವನ್ನು ಹೊರಿಸುವುದು’ ಎಂಬ ಅರ್ಥವೂ ಉಂಟಷ್ಟೆ. ಇಂಗ್ಲಿಷಿನ ಅಪವಾದಗಳ ಮೇಲೆ ನಾವು ಹೊರಿಸಿರುವುದು ಬಹುಮಟ್ಟಿಗೆ ಅಂಥ ಅಪವಾದವೇ. ನಮ್ಮ ಪ್ರಾಚೀನ ವೈಯಾಕರಣರು ಈ ತಪ್ಪನ್ನು ಮಾಡಲಿಲ್ಲ. ಪಾಣಿನಿಯ ಸುಮಾರು ನಾಲ್ಕು ಸಾವಿರ ಸೂತ್ರಗಳ ವ್ಯವಸ್ಥೆಯಲ್ಲಿ ವ್ಯಾಪಕವಾದ ವಿಧಿಯು ಉತ್ಸರ್ಗ, ಅದರೊಳಗೆ ಕಿರಿದಾದ ಕ್ಷೇತ್ರವುಳ್ಳ ವಿಧಿಯು ಅಪವಾದ. ಎರಡೂ ಒಂದೆಡೆ ಪ್ರಾಪ್ತವಾದಾಗ ಅಪವಾದವೇ ಬಲಿಷ್ಠ. ಎಂದರೆ ಅಪವಾದವು ನಿಯಮದ ಭಂಗವಲ್ಲ, ಅದೂ ಒಂದು ನಿಯಮವೇ.

ಮೊದಲು ಕಾಗುಣಿತದ ವಿಚಾರ. ಇಂಗ್ಲಿಷಿನ ಬರವಣಿಗೆಗೂ ಉಚ್ಚಾರಣೆಗೂ ಇರುವ ವೈರಕ್ಕೆ ಮುಖ್ಯ ಕಾರಣ ಕಾಲಮಾನದ ಒಂದು ಆಕಸ್ಮಿಕ. ವಿಲಿಯಂ ಕ್ಯಾಕ್ಸ್‌ಟನ್ ಎಂಬಾತನು ೧೪೭೬ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ಸ್ಥಾಪಿಸಿದನು. ಮುದ್ರಣದ ಪ್ರಭಾವದಿಂದ ಕಾಗುಣಿತವು ನಿಧಾನವಾಗಿ ಗಟ್ಟಿಗೊಳ್ಳತೊಡಗಿತು. ಆದರೆ ಅದೇ ಕಾಲದಲ್ಲಿ ಜನರ ನಾಲಗೆಯು ಬೇರೊಂದು ದಿಕ್ಕಿಗೆ ಹೊರಟಿತ್ತು. ಸುಮಾರು ೧೪೦೦ರಿಂದ ೧೭೦೦ರವರೆಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಸ್ಥಾನವನ್ನು ಬದಲಾಯಿಸಿದುವು. ಇದಕ್ಕೆ ಭಾಷಾವಿಜ್ಞಾನಿಗಳು ‘ಮಹಾಸ್ವರ ಪಲ್ಲಟ’ ಎಂದು ಹೆಸರಿಟ್ಟಿದ್ದಾರೆ. ಇಂದು ‘ನೇಮ್’ ಎಂದು ಉಚ್ಚರಿಸುವ ಶಬ್ದದ ಸ್ವರವು ಹಿಂದೆ ‘ಆ’ಕಾರವಾಗಿದ್ದು, ಆ ಶಬ್ದವು ನಮ್ಮ ‘ನಾಮ’ಕ್ಕೆ ಬಹು ಸಮೀಪವಾಗಿ ಕೇಳಿಸುತ್ತಿತ್ತು. ‘ಟೈಮ್’ ಎಂಬುದು ‘ಟೀಮ್’ ಎಂಬಂತಿತ್ತು. ‘ಮೌಸ್’ ಎಂಬುದು ‘ಮೂಸ್’ ಆಗಿತ್ತು, ಸಂಸ್ಕೃತದ ‘ಮೂಷಿಕ’ವನ್ನು ನೆನೆದರೆ ಈ ನಂಟು ಇನ್ನೂ ಸ್ಪಷ್ಟವಾಗುತ್ತದೆ. ‘ಐ’ ಎಂಬ ಅಕ್ಷರದ ಹೆಸರು ಕೂಡ ಈ ಪಲ್ಲಟದ ಫಲವೇ. ಯೂರೋಪಿನ ಉಳಿದ ಬಹುತೇಕ ಭಾಷೆಗಳಲ್ಲಿ ಅದೇ ಅಕ್ಷರವನ್ನು ‘ಈ’ ಎಂದು ಕರೆಯುತ್ತಾರೆ. ಉಚ್ಚಾರಣೆ ಮುಂದೆ ಸಾಗಿತು, ಅಚ್ಚಿನ ಮೊಳೆ ನಿಂತಲ್ಲೇ ನಿಂತಿತು.

ಕನ್ನಡದಲ್ಲಿಯೂ ಇಂಥ ಪಲ್ಲಟ ನಡೆದಿದೆ. ಹಳಗನ್ನಡದ ‘ಪಾಲ್’ ನಮಗೆ ‘ಹಾಲು’, ‘ಪೂ’ ನಮಗೆ ‘ಹೂವು’, ‘ಪತ್ತು’ ನಮಗೆ ‘ಹತ್ತು’. ಪದಾದಿಯ ಪಕಾರವು ಹಕಾರವಾದಾಗ ನಮ್ಮ ಹಿರಿಯರು ಬರವಣಿಗೆಯನ್ನೂ ಬದಲಾಯಿಸಿದರು. ಇಂಗ್ಲಿಷರಂತೆ ಬರವಣಿಗೆಯನ್ನು ಹೆಪ್ಪುಗಟ್ಟಿಸಿದ್ದರೆ, ಇಂದು ನಾವು ‘ಪಾಲು’ ಎಂದು ಬರೆದು ‘ಹಾಲು’ ಎಂದು ಓದಬೇಕಾಗುತ್ತಿತ್ತು. ಭಾಗ ಎಂಬ ಅರ್ಥದ ‘ಪಾಲು’ ಬಂದಾಗ ಮಾತ್ರ ಬರೆದಂತೆ ಓದಬೇಕೆಂದು ಶಾಲೆಯ ಮಕ್ಕಳಿಗೆ ಅಪವಾದದ ಪಟ್ಟಿಯೊಂದನ್ನು ಕೊಡಬೇಕಾಗುತ್ತಿತ್ತು! ಹಾಗೆಂದು ನಾವು ಪೂರ್ತಿ ನಿರಪರಾಧಿಗಳೇನೂ ಅಲ್ಲ. ‘ಬ್ರಾಹ್ಮಣ’, ‘ಚಿಹ್ನೆ’ ಎಂಬ ಶಬ್ದಗಳಲ್ಲಿ ಹಕಾರವನ್ನು ಮೊದಲು ಬರೆಯುತ್ತೇವೆ, ಬಾಯಲ್ಲಿ ಹಿಂದಕ್ಕೆ ತಳ್ಳುತ್ತೇವೆ.

ಇಂಗ್ಲಿಷಿನಲ್ಲಿ ಮೌನವಾಗಿ ಕುಳಿತ ಅಕ್ಷರಗಳಲ್ಲಿ ಹೆಚ್ಚಿನವು ಒಂದು ಕಾಲದಲ್ಲಿ ಮಾತನಾಡುತ್ತಿದ್ದುವು. ‘ಮೊಣಕಾಲು’ ಎಂಬ ಅರ್ಥದ ‘ನೀ’ ಶಬ್ದದ ಮೊದಲಿನ ‘ಕೆ’ ಸುಮಾರು ಹದಿನೇಳನೆಯ ಶತಮಾನದವರೆಗೂ ಕೇಳಿಸುತ್ತಿತ್ತು. ‘ರಾತ್ರಿ’ ಎಂಬ ಅರ್ಥದ ‘ನೈಟ್’ ಶಬ್ದದ ನಡುವೆ ‘ಜಿ’ ಮತ್ತು ‘ಎಚ್’ ಏಕೆ ಬಂದುವು? ಅಲ್ಲಿ ಗಂಟಲಿನಿಂದ ಹೊರಡುವ, ‘ಖ’ಕಾರವನ್ನು ಹೋಲುವ ಒಂದು ಧ್ವನಿಯಿತ್ತು. ಜರ್ಮನರು ಇಂದಿಗೂ ‘ನಾಖ್ಟ್’ ಎನ್ನುತ್ತಾರೆ. ಸಂಸ್ಕೃತದ ‘ನಕ್ತ’ ಇದರ ದಾಯಾದಿ. ‘ಡಾಟರ್’ ಶಬ್ದದಲ್ಲಿಯೂ ಇದೇ ಜೋಡಿಯುಂಟು, ಅದರ ಪಕ್ಕದಲ್ಲಿ ನಮ್ಮ ‘ದುಹಿತೃ’ವನ್ನಿಟ್ಟು ನೋಡಿರಿ. ಈ ಧ್ವನಿಯು ಇಂಗ್ಲಿಷಿನ ಕೆಲವು ಪ್ರಾಂತಗಳ ನುಡಿಯಲ್ಲಿ ಅಳಿಸಿಹೋಯಿತು, ಕೆಲವು ಕಡೆ ‘ಫ’ಕಾರವಾಯಿತು. ಶಿಷ್ಟ ಭಾಷೆಯು ಒಂದು ಶಬ್ದವನ್ನು ಇಲ್ಲಿಂದಲೂ ಇನ್ನೊಂದನ್ನು ಅಲ್ಲಿಂದಲೂ ಆಯ್ದುಕೊಂಡಿತು. ‘ಓ-ಯು-ಜಿ-ಎಚ್’ ಎಂಬ ನಾಲ್ಕೇ ಅಕ್ಷರಗಳು ‘ಟಫ್’, ‘ದೋ’, ‘ಥ್ರೂ’, ‘ಬೌ’, ‘ಕಾಫ್’ ಎಂದು ಐದು ಬಗೆಯಾಗಿ ಧ್ವನಿಸಿ ವಿದ್ಯಾರ್ಥಿಗಳನ್ನು ಪೀಡಿಸುವುದಕ್ಕೆ ಇದೇ ಮೂಲ.

ಲಿಪಿಕಾರರ ಕಣ್ಣಿನ ತೊಂದರೆಯಿಂದ ಹುಟ್ಟಿದ ಅಪವಾದಗಳೂ ಇವೆ. ಮಧ್ಯಯುಗದ ಬರವಣಿಗೆಯಲ್ಲಿ ಯು, ಎನ್, ಎಂ, ವಿ ಮೊದಲಾದ ಅಕ್ಷರಗಳು ಕೇವಲ ನೆಟ್ಟನೆಯ ಕಿರುಗೆರೆಗಳ ಸಾಲು. ಅವು ಅಕ್ಕಪಕ್ಕದಲ್ಲಿ ಬಂದರೆ ಯಾವ ಗೆರೆ ಯಾವ ಅಕ್ಷರದ್ದೆಂದು ತಿಳಿಯುತ್ತಿರಲಿಲ್ಲ. ಆದುದರಿಂದ ಅಂಥ ಎಡೆಗಳಲ್ಲಿ ‘ಯು’ ಬದಲು ಸ್ಪಷ್ಟವಾದ ದುಂಡು ಅಕ್ಷರವಾದ ‘ಓ’ವನ್ನು ಬರೆದರು. ‘ಸನ್’ (ಮಗ), ‘ಲವ್’, ‘ಕಮ್’, ‘ಮಂಕ್’ ಎಂಬ ಶಬ್ದಗಳಲ್ಲಿ ‘ಓ’ ಕುಳಿತಿರುವುದು ಹೀಗೆ.

ಕೆಲವು ಅಪವಾದಗಳು ನಿಜವಾಗಿ ತಪ್ಪುಗಳೇ ಎಂಬುದನ್ನು ಒಪ್ಪಬೇಕು. ದ್ವೀಪಕ್ಕೆ ಇಂಗ್ಲಿಷಿನಲ್ಲಿರುವ ‘ಐಲೆಂಡ್’ ಅಚ್ಚ ಇಂಗ್ಲಿಷ್ ಶಬ್ದ, ಅದರಲ್ಲಿ ‘ಎಸ್’ ಎಂದೂ ಇರಲಿಲ್ಲ. ಲ್ಯಾಟಿನ್ ಮೂಲದಿಂದ ಬಂದ ‘ಐಲ್’ ಎಂಬ ಬೇರೊಂದು ಶಬ್ದದೊಡನೆ ಅದಕ್ಕೆ ನಂಟಿದೆಯೆಂದು ಭ್ರಮಿಸಿ ಪಂಡಿತರು ‘ಎಸ್’ ಸೇರಿಸಿದರು. ‘ಕುಡ್’ ಶಬ್ದದ ‘ಎಲ್’ ಇನ್ನೂ ಸ್ವಾರಸ್ಯದ್ದು. ‘ವುಡ್’, ‘ಶುಡ್’ ಎಂಬ ಶಬ್ದಗಳ ‘ಎಲ್’ ಅವುಗಳ ಮೂಲಧಾತುವಿನದೇ ಆದದ್ದು. ನೆರೆಯವರ ಮನೆಯಲ್ಲಿ ಕಂಡದ್ದನ್ನು ತನಗೂ ಬೇಕೆಂದಂತೆ ‘ಕುಡ್’ ಅದನ್ನು ಎರವಲು ತಂದುಕೊಂಡಿತು.

ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಪ್ರಸಿದ್ಧ ಸೂತ್ರವುಂಟು: ‘ಐ’ ಮೊದಲು, ‘ಇ’ ಆಮೇಲೆ, ‘ಸಿ’ ಹಿಂದೆ ಬಂದರೆ ಮಾತ್ರ ಅದಲುಬದಲು. ‘ರಿಸೀವ್’, ‘ಡಿಸೀವ್’ ಮೊದಲಾದ ಫ್ರೆಂಚ್ ಮೂಲದ ಕೆಲವು ಶಬ್ದಗಳಿಗೆ ಇದು ಸರಿ. ಆದರೆ ‘ಸೈನ್ಸ್’ ಎಂಬ ಶಬ್ದವನ್ನೇ ನೋಡಿರಿ! ಅಲ್ಲಿ ‘ಸಿ’ಯ ಬೆನ್ನಿಗೇ ‘ಐ’ ಬಂದು ಆಮೇಲೆ ‘ಇ’ ಬರುತ್ತದೆ. ಅಲ್ಲಿ ಅವೆರಡೂ ಬೇರೆಬೇರೆ ಉಚ್ಚಾರಾಂಶಗಳಿಗೆ ಸೇರಿದ ಅಕ್ಷರಗಳು, ಲ್ಯಾಟಿನ್ ಮೂಲದಲ್ಲಿಯೂ ಅದೇ ಕ್ರಮ. ೧೮೩೮ರಲ್ಲಿ ಗ್ರೀಕ್ ಮೂಲದಿಂದ ಟಂಕಿಸಿದ ‘ಪ್ರೋಟೀನ್’ ಶಬ್ದದಲ್ಲಿ ‘ಸಿ’ ಇಲ್ಲದಿದ್ದರೂ ‘ಇ’ ಮೊದಲು ಬಂದಿದೆ. ಇಲ್ಲಿ ದೋಷ ಭಾಷೆಯದಲ್ಲ. ಭಿನ್ನಮೂಲದ ಶಬ್ದಗಳನ್ನೆಲ್ಲ ಒಂದೇ ಹಗ್ಗದಿಂದ ಕಟ್ಟಹೊರಟ ಸೂತ್ರಕಾರನದು.

‘ಜಿ-ಎಚ್-ಓ-ಟಿ-ಐ’ ಎಂದು ಬರೆದು ‘ಫಿಶ್’ ಎಂದು ಓದಬಹುದೆಂಬ ವಿನೋದವೂ ಪ್ರಸಿದ್ಧವಾದುದು. ‘ಇನಫ್’ ಶಬ್ದದ ‘ಜಿ-ಎಚ್’, ‘ವಿಮೆನ್’ ಶಬ್ದದ ‘ಓ’, ‘ನೇಷನ್’ ಶಬ್ದದ ‘ಟಿ-ಐ’ ಸೇರಿದರೆ ‘ಫಿಶ್’ ಎಂಬುದು ತರ್ಕ. ಇದನ್ನು ಬರ್ನಾರ್ಡ್ ಷಾ ಹೆಸರಿಗೆ ಕಟ್ಟುವುದುಂಟು. ಆದರೆ ಷಾ ಹುಟ್ಟುವುದಕ್ಕೆ ಮುಂಚೆ, ೧೮೫೫ರ ಒಂದು ಪತ್ರದಲ್ಲಿಯೇ ಇದು ಕಾಣಿಸಿಕೊಂಡಿದೆ. ಈ ವಿನೋದವು ತಾನು ಹೇಳಹೊರಟದ್ದಕ್ಕೆ ವಿರುದ್ಧವಾದುದನ್ನೇ ಸಾಧಿಸುತ್ತದೆ. ಇಂಗ್ಲಿಷ್ ಬಲ್ಲವರಾರೂ ಅದನ್ನು ‘ಫಿಶ್’ ಎಂದು ಓದುವುದಿಲ್ಲ. ಏಕೆಂದರೆ ‘ಜಿ-ಎಚ್’ ಪದಾದಿಯಲ್ಲಿ ಎಂದೂ ಫಕಾರವಾಗದು, ‘ಟಿ-ಐ’ ಪದಾಂತ್ಯದಲ್ಲಿ ಎಂದೂ ಶಕಾರವಾಗದು. ನಿಯಮವಿಲ್ಲದ ಭಾಷೆಯಲ್ಲಿ ಈ ಅಸಮ್ಮತಿ ಎಲ್ಲಿಂದ ಬರಬೇಕು?

ಇನ್ನು ವ್ಯಾಕರಣ. ಇಂಗ್ಲಿಷಿನ ಕ್ರಿಯಾಪದಕ್ಕೆ ‘ಇ-ಡಿ’ ಹಚ್ಚಿದರೆ ಭೂತಕಾಲವೆಂದು ಕಲಿಸುತ್ತೇವೆ. ಆದರೆ ಆ ಭಾಷೆಯಲ್ಲಿ ಅತಿ ಹೆಚ್ಚಾಗಿ ಬಳಕೆಯಾಗುವ ಹತ್ತು ಕ್ರಿಯಾಪದಗಳಲ್ಲಿ ಒಂದಾದರೂ ಈ ವಿಧಿಯನ್ನು ಪಾಲಿಸುವುದಿಲ್ಲ: ಬಿ, ಹ್ಯಾವ್, ಡು, ಸೇ, ಮೇಕ್, ಗೋ, ಟೇಕ್, ಕಮ್, ಸೀ, ಗೆಟ್. ಇದು ಕಾಕತಾಳೀಯವೆ? ೨೦೦೭ರಲ್ಲಿ ಎರೆಜ್ ಲೀಬರ್ಮನ್ ಮತ್ತು ಅವರ ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು. ಸಾವಿರ ವರ್ಷಗಳಿಗೂ ಹಿಂದಿನ ಹಳೆಯ ಇಂಗ್ಲಿಷಿನಿಂದ ಅವರು ೧೭೭ ಅನಿಯತ ಕ್ರಿಯಾಪದಗಳನ್ನು ಆರಿಸಿಕೊಂಡರು. ಮಧ್ಯಕಾಲದ ಇಂಗ್ಲಿಷಿನ ವೇಳೆಗೆ ಅವುಗಳಲ್ಲಿ ೧೪೫ ಅನಿಯತವಾಗಿ ಉಳಿದಿದ್ದುವು. ಇಂದು ಉಳಿದಿರುವುವು ೯೮. ಅವು ನಿಯತವಾಗುವ ವೇಗವು ಬಳಕೆಯ ಪ್ರಮಾಣದ ವರ್ಗಮೂಲಕ್ಕೆ ವಿಲೋಮವಾಗಿರುವುದು ಕಂಡುಬಂದಿತು. ಎಂದರೆ, ನೂರರಷ್ಟು ಕಡಮೆ ಬಳಕೆಯಾಗುವ ಕ್ರಿಯಾಪದವು ಹತ್ತರಷ್ಟು ಬೇಗ ‘ಇ-ಡಿ’ಗೆ ಶರಣಾಗುತ್ತದೆ. ವಿಕಿರಣಶೀಲ ಧಾತುಗಳ ಅರ್ಧಾಯುಷ್ಯದಂತೆ ಕ್ರಿಯಾಪದಗಳಿಗೂ ಅರ್ಧಾಯುಷ್ಯವನ್ನು ಅವರು ಗುಣಿಸಿ ತೋರಿಸಿದರು. ಕಾರಣವು ಊಹಿಸಬಹುದಾದುದೇ. ದಿನವೂ ನಾಲಗೆಯ ಮೇಲಿರುವ ವಿಲಕ್ಷಣ ರೂಪವನ್ನು ಜನ ಮರೆಯುವುದಿಲ್ಲ. ಅಪರೂಪವಾಗಿ ಬರುವುದನ್ನು ಮರೆತು ಸಾಮಾನ್ಯ ವಿಧಿಯನ್ನು ಹಚ್ಚಿಬಿಡುತ್ತಾರೆ.

ಓದುಗರು ಇದನ್ನು ಕನ್ನಡದಲ್ಲಿ ತಾವೇ ಪರೀಕ್ಷಿಸಬಹುದು. ಓದು, ಹಾಡು, ಮಾಡು ಎಂಬುವಕ್ಕೆ ಓದಿದ, ಹಾಡಿದ, ಮಾಡಿದ. ಆದರೆ ಬರು–ಬಂದ, ಕೊಡು–ಕೊಟ್ಟ, ಇರು–ಇದ್ದ, ಹೋಗು–ಹೋದ, ಬೀಳು–ಬಿದ್ದ, ಕಾಣು–ಕಂಡ, ಸಾಯು–ಸತ್ತ. ದಾರಿ ತಪ್ಪಿದ ಇವೆಲ್ಲ ದಿನನಿತ್ಯದ ಮಾತುಗಳು. ಮುದ್ರಿಸು, ವಿಶ್ಲೇಷಿಸು, ಪ್ರಸಾರಿಸು ಮೊದಲಾಗಿ ಹೊಸದಾಗಿ ಬಂದ ಕ್ರಿಯಾಪದಗಳೆಲ್ಲ ತಕರಾರಿಲ್ಲದೆ ‘ಇದ’ವನ್ನೇ ಹಚ್ಚಿಕೊಳ್ಳುತ್ತವೆ. ನಮ್ಮ ‘ಬಂದ’ವನ್ನು ಸಹಜವೆಂದೂ ಇಂಗ್ಲಿಷರ ‘ಕೇಮ್’ ಹುಚ್ಚೆಂದೂ ಹೇಳುವುದು ನ್ಯಾಯವಲ್ಲ.

ಅಪವಾದವನ್ನು ಕಂಠಪಾಠಕ್ಕೆ ಬಿಟ್ಟುಬಿಡದೆ ಅದರ ಬೆನ್ನುಹತ್ತಿದರೆ ಏನು ದೊರೆಯುತ್ತದೆಂಬುದಕ್ಕೆ ವಿಜ್ಞಾನದಲ್ಲಿ ನಿದರ್ಶನಗಳು ಬಹಳ. ಗಾಳಿಯಿಂದ ಪಡೆದ ನೈಟ್ರೊಜನ್ನು ರಾಸಾಯನಿಕ ಸಂಯುಕ್ತಗಳಿಂದ ಪಡೆದುದಕ್ಕಿಂತ ನೂರಕ್ಕೆ ಸುಮಾರು ಅರ್ಧದಷ್ಟು ಭಾರವಾಗಿರುವುದನ್ನು ರ್‍ಯಾಲೆ ಅಲಕ್ಷಿಸಿದ್ದರೆ, ೧೮೯೪ರಲ್ಲಿ ಆತನಿಗೂ ರಾಮ್ಸೇಗೂ ಆರ್ಗಾನ್ ದೊರೆಯುತ್ತಿರಲಿಲ್ಲ. ಭಾಷಾವಿಜ್ಞಾನದಲ್ಲಿ ಇದಕ್ಕೆ ಸರಿಸಮವಾದ ಕಥೆಯೊಂದಿದೆ. ಅದರಲ್ಲಿ ನಮ್ಮ ದೇಶದ ಪಾತ್ರವೂ ಉಂಟಾದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಸೋದರರಲ್ಲಿ ಹಿರಿಯನಾದ ಯಾಕೋಬ್ ಗ್ರಿಮ್ ೧೮೨೨ರಲ್ಲಿ ಒಂದು ಧ್ವನಿನಿಯಮವನ್ನು ನಿರೂಪಿಸಿದನು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಲ್ಲಿ ಪಕಾರವಿದ್ದಲ್ಲಿ ಇಂಗ್ಲಿಷ್, ಜರ್ಮನ್ ಮೊದಲಾದ ಜರ್ಮ್ಯಾನಿಕ್ ಬಳಗದಲ್ಲಿ ಫಕಾರ: ‘ಪಾದ’ಕ್ಕೆ ‘ಫೂಟ್’. ತಕಾರವಿದ್ದಲ್ಲಿ ‘ಥ್ರೀ’ ಶಬ್ದದ ಮೊದಲಿನ ಧ್ವನಿ: ‘ತ್ರಿ’ಗೆ ‘ಥ್ರೀ’. ಇದರಂತೆ ‘ಭ್ರಾತೃ’ವಿನ ತಕಾರಕ್ಕೆ ಹಳೆಯ ಇಂಗ್ಲಿಷಿನಲ್ಲಿ ಅದೇ ಥಕಾರ ದೊರೆಯುತ್ತದೆ. ಆದರೆ ‘ಪಿತೃ’, ‘ಮಾತೃ’ ಶಬ್ದಗಳ ತಕಾರಕ್ಕೆ ಹಳೆಯ ಇಂಗ್ಲಿಷಿನಲ್ಲಿ ಥಕಾರವಿಲ್ಲ, ಡಕಾರವಿದೆ. ಇಂದಿನ ‘ಫಾದರ್’, ‘ಮದರ್’ ರೂಪಗಳು ಮುಂದೆ ಬೇರೊಂದು ಬದಲಾವಣೆಯಿಂದ ‘ಬ್ರದರ್’ ಜೊತೆಗೆ ಸೇರಿಕೊಂಡುವು. ಜರ್ಮನಿನಲ್ಲಿ ಹಳೆಯ ಭೇದ ಇಂದಿಗೂ ನಿಂತಿದೆ: ‘ಬ್ರೂಡರ್’, ಆದರೆ ‘ಫಾಟರ್’ ಮತ್ತು ‘ಮುಟರ್’. ಒಂದೇ ಮನೆಯ ಮೂವರಲ್ಲಿ ಇಬ್ಬರು ಬೇರೆ ದಾರಿ ಹಿಡಿದುದೇಕೆ? ಅಪವಾದವೆಂದು ವಿದ್ವಾಂಸರು ಐವತ್ತು ವರ್ಷ ಸುಮ್ಮನಿದ್ದರು.

ಡೆನ್ಮಾರ್ಕಿನ ತರುಣ ಕಾರ್ಲ್ ವರ್ನರ್ ೧೮೭೫ರಲ್ಲಿ ಒಂದು ಮಧ್ಯಾಹ್ನ ನಿದ್ದೆ ಬರಲೆಂದು ಬಾಪ್ ಎಂಬ ಪಂಡಿತನ ತೌಲನಿಕ ವ್ಯಾಕರಣವನ್ನು ಕೈಗೆತ್ತಿಕೊಂಡನಂತೆ. ಪುಟದಲ್ಲಿ ಸಂಸ್ಕೃತದ ‘ಪಿತಾ’, ‘ಭ್ರಾತಾ’ ಎಂಬ ರೂಪಗಳು ಸ್ವರಚಿಹ್ನೆಗಳ ಸಹಿತ ಕಣ್ಣಿಗೆ ಬಿದ್ದುವು. ವೇದದಲ್ಲಿ ‘ಭ್ರಾತಾ’ ಶಬ್ದದ ಉದಾತ್ತಸ್ವರ ಮೊದಲಿನ ಅಕ್ಷರದ ಮೇಲೆ, ‘ಪಿತಾ’, ‘ಮಾತಾ’ ಶಬ್ದಗಳಲ್ಲಿ ಕಡೆಯ ಅಕ್ಷರದ ಮೇಲೆ. ವ್ಯತ್ಯಾಸದ ಬೀಗದಕೈ ಅಲ್ಲಿತ್ತು. ತಕಾರದ ಹಿಂದಿನ ಸ್ವರದ ಮೇಲೆ ಉದಾತ್ತವಿದ್ದರೆ ಗ್ರಿಮ್ಮನ ನಿಯಮ, ಇಲ್ಲದಿದ್ದರೆ ಘೋಷಧ್ವನಿ. ೧೮೭೭ರಲ್ಲಿ ವರ್ನರನ ಲೇಖನ ಅಚ್ಚಾಯಿತು. ಅದರ ಶೀರ್ಷಿಕೆಯಲ್ಲಿಯೇ ‘ಅಪವಾದ’ ಎಂಬ ಮಾತಿದೆ. ಜರ್ಮ್ಯಾನಿಕ್ ಭಾಷೆಗಳಲ್ಲಿ ಎಂದೋ ಅಳಿದುಹೋದ ಸ್ವರಭಾರವನ್ನು ನಮ್ಮ ವೈದಿಕರು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದದ್ದರಿಂದ ಈ ಒಗಟು ಬಿಡಿಸಿತು. ‘ವಾಸ್’ ಎಂಬುದರ ಬಹುವಚನದಲ್ಲಿ ಸಕಾರ ಹೋಗಿ ‘ವರ್’ ಎಂದು ರಕಾರ ಬರುವುದೂ ಇದೇ ನಿಯಮದ ಫಲ. ಪ್ರೌಢಶಾಲೆಯ ಮೊದಲ ವರ್ಷದಲ್ಲಿಯೇ ನಾವು ಉರುಹಚ್ಚುವ ಈ ಜೋಡಿಯ ಹಿಂದೆ ವೇದದ ಕಾಲದಷ್ಟು ಹಳೆಯ ಒಂದು ಸ್ವರವಿನ್ಯಾಸ ಅಡಗಿದೆ.

ಹಾಗಾದರೆ ಕಾಗುಣಿತವನ್ನು ಸುಧಾರಿಸಬಾರದೆ? ಪ್ರಯತ್ನಗಳು ನಡೆಯದೆ ಇಲ್ಲ. ಅಮೆರಿಕದಲ್ಲಿ ನೋವಾ ವೆಬ್‌ಸ್ಟರ್ ತನ್ನ ೧೮೨೮ರ ನಿಘಂಟಿನಿಂದ ‘ಕಲರ್’ ಶಬ್ದದ ‘ಯು’ವನ್ನು ತೆಗೆದುಹಾಕಿ ಗೆದ್ದನು. ನಾಲಗೆ ಎಂಬ ಅರ್ಥದ ‘ಟಂಗ್’ ಶಬ್ದವನ್ನು ಟಿ-ಯು-ಎನ್-ಜಿ ಎಂದು ಬರೆಯಹೋಗಿ ಸೋತನು. ೧೯೦೬ರಲ್ಲಿ ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ ೩೦೦ ಶಬ್ದಗಳಿಗೆ ಸರಳ ಕಾಗುಣಿತವನ್ನು ಸರ್ಕಾರಿ ಮುದ್ರಣಾಲಯದಲ್ಲಿ ಜಾರಿಗೆ ತಂದರೆ ಕಾಂಗ್ರೆಸ್ಸು ಪ್ರತಿಭಟಿಸಿತು. ೧೯೫೦ರಲ್ಲಿ ತೀರಿಕೊಂಡ ಷಾ ಹೊಸ ವರ್ಣಮಾಲೆಗಾಗಿ ಉಯಿಲಿನಲ್ಲಿ ಹಣವಿಟ್ಟನು. ೧೯೬೨ರಲ್ಲಿ ಆ ಲಿಪಿಯಲ್ಲಿ ಅವನ ನಾಟಕವೊಂದು ಅಚ್ಚಾಯಿತು, ಅಲ್ಲಿಗೆ ನಿಂತಿತು. ನನಗೆ ಇದರಿಂದ ವ್ಯಥೆಯೇನಿಲ್ಲ. ಉಚ್ಚರಿಸಿದಂತೆ ಬರೆಯೋಣವೆಂದರೆ ಯಾರು ಉಚ್ಚರಿಸಿದಂತೆ? ಎಡಿನ್‌ಬರೋ, ನ್ಯೂಯಾರ್ಕ್, ಬೆಂಗಳೂರುಗಳ ಇಂಗ್ಲಿಷ್ ಒಂದೇ ಅಲ್ಲ. ಅಲ್ಲದೆ ‘ಸೈನ್’ ಶಬ್ದದಲ್ಲಿ ಮೌನವಾಗಿರುವ ‘ಜಿ’ಯು ‘ಸಿಗ್ನೇಚರ್’ ಎನ್ನುವಾಗ ಎಚ್ಚರಗೊಳ್ಳುತ್ತದೆ, ‘ಬಾಂಬ್’ ಶಬ್ದದ ಕಡೆಯ ‘ಬಿ’ಯು ‘ಬಾಂಬಾರ್ಡ್’ ಎನ್ನುವಾಗ ಮಾತನಾಡುತ್ತದೆ. ಅವನ್ನು ಕಿತ್ತರೆ ಒಡಹುಟ್ಟಿದ ಶಬ್ದಗಳು ಅಪರಿಚಿತರಾಗುತ್ತವೆ.

ಆದರೆ ಈ ಇತಿಹಾಸಕ್ಕೆ ಮಕ್ಕಳು ತೆರುವ ಬೆಲೆಯನ್ನು ಮರೆಯುವಂತಿಲ್ಲ. ಡಂಡಿಯ ಫಿಲಿಪ್ ಸೀಮರ್ ಮತ್ತು ಸಂಗಡಿಗರು ೨೦೦೩ರಲ್ಲಿ ಯೂರೋಪಿನ ಹಲವು ಭಾಷೆಗಳ ಎಳೆಯರ ಓದನ್ನು ಹೋಲಿಸಿದರು. ಫಿನ್ನಿಷ್, ಗ್ರೀಕ್ ಮೊದಲಾದ ಭಾಷೆಗಳ ಮಕ್ಕಳು ಶಾಲೆಯ ಮೊದಲ ವರ್ಷದಲ್ಲಿಯೇ ಪರಿಚಿತ ಶಬ್ದಗಳನ್ನು ನೂರಕ್ಕೆ ತೊಂಬತ್ತಕ್ಕೂ ಮೀರಿ ಸರಿಯಾಗಿ ಓದಿದರು. ಸ್ಕಾಟ್ಲೆಂಡಿನ ಇಂಗ್ಲಿಷ್ ಮಕ್ಕಳು ಸುಮಾರು ಮೂರನೆಯ ಒಂದು ಭಾಗವನ್ನು ಮಾತ್ರ ಓದಬಲ್ಲವರಾಗಿದ್ದರು. ಅದು ಅವರ ತಾಯ್ನುಡಿ! ಹಾಗಿರುವಾಗ ನಮ್ಮ ಹಳ್ಳಿಯ ಶಾಲೆಯಿಂದ ಬಂದು, ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದ ಹುಡುಗಿಯೊಬ್ಬಳು ‘ರಿಸೀವ್ಡ್’ ಎಂಬಲ್ಲಿ ಎರಡು ಅಕ್ಷರ ಹಿಂದುಮುಂದು ಮಾಡಿದರೆ, ಆಕೆಗೆ ವಿಷಯವೇ ತಿಳಿದಿಲ್ಲವೆಂದು ತೀರ್ಮಾನಿಸುವ ಪರೀಕ್ಷಕರನ್ನು ನಾನು ಬಲ್ಲೆ. ಉತ್ತರ ಸರಿಯಿದ್ದು ಕಾಗುಣಿತ ತಪ್ಪಿದ್ದರೆ ವಿಜ್ಞಾನದ ಅಂಕವನ್ನು ಕಳೆಯಲೇಬಾರದೆಂದು ನಾನು ವಾದಿಸುತ್ತೇನೆ. ಕಾಗುಣಿತಕ್ಕೆ ಇಂಗ್ಲಿಷ್ ಪತ್ರಿಕೆಯಲ್ಲಿ ಅಂಕಗಳಿವೆ, ಅಲ್ಲಿ ಕಳೆಯಲಿ. ಇದರಿಂದ ಶಿಸ್ತು ಹಾಳಾಗುವುದೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಭೌತಶಾಸ್ತ್ರದ ಅಂಕ ಭೌತಶಾಸ್ತ್ರವನ್ನು ಅಳೆಯಬೇಕೆಂಬುದೂ ಶಿಸ್ತೇ.

ಇಂಗ್ಲಿಷ್ ತರಗತಿಯಲ್ಲಿ ವಾರಕ್ಕೊಂದು ಅಪವಾದವನ್ನು ಹಿಡಿದು ಅದರ ಹುಟ್ಟನ್ನು ವಿಚಾರಿಸಿದರೆ ವರ್ಷಕ್ಕೆ ಮೂವತ್ತು ಕಥೆಗಳಾಗುತ್ತವೆ. ಸ್ವಲ್ಪ ದೊಡ್ಡ ಗ್ರಂಥಾಲಯವಿದ್ದರೆ, ೧೮೮೪ರಿಂದ ೧೯೨೮ರವರೆಗೆ ಬಿಡಿಬಿಡಿಯಾಗಿ ಹೊರಬಂದ ಆಕ್ಸ್‌ಫರ್ಡ್ ಮಹಾನಿಘಂಟಿನ ಯಾವುದಾದರೊಂದು ಆವೃತ್ತಿ ಸಿಕ್ಕೀತು. ಅದರಲ್ಲಿ ಪ್ರತಿ ಶಬ್ದದ ಹಳೆಯ ಕಾಗುಣಿತಗಳೆಲ್ಲ ನಮೂದಾಗಿವೆ. ಆರಂಭಕ್ಕೆ ‘ಕರ್ನಲ್’ ಒಳ್ಳೆಯ ಶಬ್ದ. ಬರೆಯುವುದರಲ್ಲಿ ಎರಡು ‘ಎಲ್’ ಇವೆ, ‘ಆರ್’ ಒಂದೂ ಇಲ್ಲ. ಫ್ರೆಂಚರಿಂದ ರಕಾರವಿದ್ದ ‘ಕೊರೊನೆಲ್’ ರೂಪವೂ ಇಟಲಿಯವರಿಂದ ಲಕಾರವಿದ್ದ ‘ಕೊಲೊನ್ನೆಲ್ಲೊ’ ರೂಪವೂ ಇಂಗ್ಲಿಷಿಗೆ ಬಂದುವು. ಜನರು ಒಂದನ್ನು ನುಡಿಯುತ್ತ ಇನ್ನೊಂದನ್ನು ಬರೆಯುತ್ತ ಹೋದರು. ಕನ್ನಡದಲ್ಲಿ ನಾವು ಅದನ್ನು ಕಿವಿಯಿಂದ ಪಡೆದೆವಾದುದರಿಂದ ನಮ್ಮ ‘ಕರ್ನಲ್’ ಶಬ್ದದಲ್ಲಿ ರಕಾರ ಸರಿಯಾದ ಜಾಗದಲ್ಲಿಯೇ ಇದೆ.